ವಿಚಿತ್ರ ರ‍್ಯಾಂಪ್‌ಗಳ ಹಿಂದಿರುವ ಹಳೆಯ ರಸ್ತೆಗಳು

ನಿಮ್ಮ ಶಾಲೆಯ ಬಾಗಿಲ ಬಳಿ, ಮೆಟ್ಟಿಲುಗಳ ಪಕ್ಕದಲ್ಲಿ, ಸಿಮೆಂಟಿನ ಇಳಿಜಾರೊಂದು ಇರಬಹುದು. ಗಾಲಿಕುರ್ಚಿಯಲ್ಲಿ ಬರುವ ಗೆಳೆಯರಿಗೆ ಅನುಕೂಲವಾಗಲೆಂದು ಕಟ್ಟಿದ ಅದನ್ನು ಎಲ್ಲರೂ ರ‍್ಯಾಂಪ್ ಎಂದೇ ಕರೆಯುತ್ತಾರೆ. ಬಿಡುವಿನ ವೇಳೆಯಲ್ಲಿ ನೀವು ಅದರ ಮೇಲೆ ಜಾರಿ ಆಡುವುದು ನಿಮ್ಮ ಶಿಕ್ಷಕರಿಗೂ ಗೊತ್ತಿದೆ! ದೊಡ್ಡ ಹೆದ್ದಾರಿಗಳಿಗೂ ಇಂಥ ರ‍್ಯಾಂಪ್‌ಗಳಿರುತ್ತವೆ. ಊರಿನ ರಸ್ತೆಯಿಂದ ಹೆದ್ದಾರಿಯನ್ನು ಸೇರಲು, ಹೆದ್ದಾರಿಯಿಂದ ಊರಿನ ರಸ್ತೆಗೆ ಇಳಿಯಲು ಮಾಡಿದ ಓರೆ ದಾರಿಗಳೇ ಅವು. ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸಿನಲ್ಲಿ ಹೋದವರು, ಬಸ್ಸು ಸುರುಳಿಯಾಗಿ ಸುತ್ತಿಕೊಂಡು ಹೋಗುವ ಇಂಥ ದಾರಿಗಳನ್ನು ನೋಡಿರಬಹುದು.

ಶಾಲೆಯ ರ‍್ಯಾಂಪ್‌ಗೆ ಒಂದೇ ಕೆಲಸ. ಎತ್ತರವನ್ನು ನಿಧಾನವಾಗಿ ಬದಲಿಸುವುದು. ಹೆದ್ದಾರಿಯ ರ‍್ಯಾಂಪ್‌ಗೆ ಇದಲ್ಲದೆ ಇನ್ನೊಂದು ಕೆಲಸವೂ ಇದೆ, ಅದೇ ಹೆಚ್ಚು ಮುಖ್ಯ. ಅದು ವೇಗವನ್ನು ಬದಲಿಸಬೇಕು. ಚಲಿಸುತ್ತಿರುವ ಬಸ್ಸನ್ನು ಹತ್ತುವ ದುಸ್ಸಾಹಸಿಗಳು ಏನು ಮಾಡುತ್ತಾರೆ? ಮೊದಲು ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ಓಡುತ್ತಾರೆ. ಬಸ್ಸಿನ ವೇಗವೂ ತಮ್ಮ ವೇಗವೂ ಒಂದಾದಾಗ ಕಂಬಿ ಹಿಡಿಯುತ್ತಾರೆ. (ನೀವು ಹಾಗೆ ಹತ್ತಬೇಡಿ.) ಹೆದ್ದಾರಿಯನ್ನು ಸೇರುವ ಕಾರಿಗೂ ಆ ನಾಲ್ಕು ಹೆಜ್ಜೆ ಓಡಲು ಜಾಗ ಬೇಕು. ರ‍್ಯಾಂಪ್ ಉದ್ದವಾಗಿರುವುದು ಅದಕ್ಕಾಗಿ.

ಇಷ್ಟು ತಿಳಿದುಕೊಂಡು ಅಮೆರಿಕದ ಎರಡು ಜಾಗಗಳನ್ನು ನೋಡೋಣ. ಒಂದು, ಪಶ್ಚಿಮ ಕರಾವಳಿಯ ಲಾಸ್ ಏಂಜಲಿಸ್ ನಗರದ ಹೆದ್ದಾರಿ. ಅಲ್ಲಿನ ಕೆಲವು ರ‍್ಯಾಂಪ್‌ಗಳ ತುದಿಯಲ್ಲಿ 'ನಿಲ್ಲಿ' ಎಂಬ ಫಲಕವಿದೆ! ಫಲಕದ ಆಚೆ, ಕೆಲವೇ ಅಡಿ ದೂರದಲ್ಲಿ, ಕಾರುಗಳು ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಹಾಯುತ್ತಿರುತ್ತವೆ. ನಿಂತ ಕಾರು ನಿಂತಲ್ಲಿಂದಲೇ ಆ ಪ್ರವಾಹಕ್ಕೆ ಧುಮುಕಬೇಕು. ಎರಡನೆಯದು, ಪೂರ್ವಭಾಗದ ಪೆನ್ಸಿಲ್ವೇನಿಯಾ ರಾಜ್ಯದ ಬ್ರೀಜ್‌ವುಡ್ ಎಂಬ ಚಿಕ್ಕ ಊರು. ಅಲ್ಲಿ ಸುಮಾರು 3,400 ಕಿಲೋಮೀಟರ್ ಉದ್ದದ ಒಂದು ಮಹಾ ಹೆದ್ದಾರಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ವಾಹನಗಳು ರ‍್ಯಾಂಪ್ ಇಳಿದು, ಪೆಟ್ರೋಲ್ ಬಂಕು, ಹೋಟೆಲುಗಳ ಸಾಲಿನ ನಡುವೆ ಕೆಂಪು ದೀಪಕ್ಕೆ ಕಾದು ನಿಂತು, ಒಂದು ಮೈಲಿಗೂ ಕಡಿಮೆ ದೂರ ಸಾಗಿ, ಮತ್ತೆ ಅದೇ ಹೆದ್ದಾರಿಯನ್ನು ಹುಡುಕಿಕೊಂಡು ಹತ್ತಬೇಕು.

ಇಂಥದ್ದನ್ನು ನೋಡಿದವರೆಲ್ಲ ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ಯಾವ ಪುಣ್ಯಾತ್ಮ ಇದನ್ನು ಕಟ್ಟಿದ? ಅವನಿಗೆ ತಲೆ ಇರಲಿಲ್ಲವೇ?" ಈ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಸುಳ್ಳು ಎಂಬ ಒಂದೇ ಕಾರಣಕ್ಕಲ್ಲ, ಅದು ಪ್ರಶ್ನೆಯನ್ನು ಕೊಂದುಹಾಕುತ್ತದೆ ಎಂಬುದಕ್ಕೂ. "ಕಟ್ಟಿದವನು ದಡ್ಡ" ಎಂದ ಮೇಲೆ ಯೋಚಿಸಲು ಏನು ಉಳಿಯಿತು? ಅದರ ಬದಲು "ಇದು ಯಾವ ಕಾಲದಲ್ಲಿ, ಯಾವ ರಸ್ತೆಗೆ ಸರಿಯಾಗಿತ್ತು?" ಎಂದು ಕೇಳಿ ನೋಡಿ. ರಸ್ತೆಯ ಕೆಳಗಿನಿಂದ ಇನ್ನೊಂದು ರಸ್ತೆ ಎದ್ದು ಬರುತ್ತದೆ.

ತೊರೆಯ ಜೊತೆಗೆ ಬಂದ ರಸ್ತೆ

ಲಾಸ್ ಏಂಜಲಿಸ್‌ನ ಆ ಹೆದ್ದಾರಿಯ ಹೆಸರು ಅರೋಯೊ ಸೆಕೊ ಪಾರ್ಕ್‌ವೇ. ಅರೋಯೊ ಸೆಕೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ 'ಒಣ ತೊರೆ'. ಪ್ಯಾಸಡೀನಾ ಊರಿನ ಕಡೆಯಿಂದ ಲಾಸ್ ಏಂಜಲಿಸ್ ಕಡೆಗೆ ಇಳಿಯುವ ಈ ತೊರೆಯ ದಂಡೆಯೇ ಎರಡೂ ಊರುಗಳ ನಡುವಿನ ಸಹಜ ದಾರಿ. ನೀರು ಇಳಿಜಾರನ್ನು ಹುಡುಕಿಕೊಂಡು ಹೋಗುತ್ತದೆ. ದಾರಿ ಮಾಡುವವರಿಗೂ ಅದೇ ಸುಲಭ.

ಈ ಕಣಿವೆಯಲ್ಲಿ ಕಾರಿಗಿಂತ ಮೊದಲು ದೊಡ್ಡ ಕನಸು ಕಂಡದ್ದು ಯಾವ ವಾಹನ ಗೊತ್ತೇ? ಸೈಕಲ್ಲು! ಹೊರೇಸ್ ಡಾಬಿನ್ಸ್ ಎಂಬಾತ ಪ್ಯಾಸಡೀನಾದಿಂದ ಲಾಸ್ ಏಂಜಲಿಸ್‌ವರೆಗೆ ಸೈಕಲ್ಲುಗಳಿಗೆಂದೇ ಎತ್ತರದ ಮರದ ಅಟ್ಟಣೆಯ ರಸ್ತೆ ಕಟ್ಟಲು ಹೊರಟ. 1900ರ ಜನವರಿ 1ರಂದು ಅದರ ಮೊದಲ ಭಾಗ, ಸುಮಾರು 2 ಕಿಲೋಮೀಟರ್, ತೆರೆಯಿತು. ಸವಾರರು ಹತ್ತು ಸೆಂಟ್ ಸುಂಕ ಕೊಟ್ಟು ಅದರ ಮೇಲೆ ಹೋಗಬೇಕಿತ್ತು. ಉಳಿದ ಭಾಗ ಕಟ್ಟಲೇ ಇಲ್ಲ. ಸೈಕಲ್ಲಿನ ಹುಚ್ಚು ಇಳಿಯಿತು, ಕಾರುಗಳು ಬಂದವು, ಮರದ ಅಟ್ಟಣೆಯನ್ನು ಬಿಚ್ಚಿಹಾಕಿದರು. ಆದರೆ 'ಈ ಕಣಿವೆಯಲ್ಲಿ ಎಲ್ಲೂ ತಡೆಯಿಲ್ಲದ ಒಂದು ರಸ್ತೆ ಬೇಕು' ಎಂಬ ಯೋಚನೆ ಉಳಿಯಿತು. ಹೆಚ್ಚುಕಡಿಮೆ ಅದೇ ಜಾಡಿನಲ್ಲಿ 1940ರ ಡಿಸೆಂಬರ್ 30ರಂದು ಅರೋಯೊ ಸೆಕೊ ಪಾರ್ಕ್‌ವೇ ಉದ್ಘಾಟನೆಯಾಯಿತು. ಅಮೆರಿಕದ ಪಶ್ಚಿಮ ಭಾಗದಲ್ಲಿ ಅಂಥ ಹೆದ್ದಾರಿ ಅದೇ ಮೊದಲು.

'ಪಾರ್ಕ್‌ವೇ' ಎಂಬ ಹೆಸರನ್ನು ಗಮನಿಸಿ. ಉದ್ಯಾನಗಳ ನಡುವೆ, ತೊರೆಯ ಬಾಗಿಗೆ ತಕ್ಕಂತೆ ಬಾಗುತ್ತ, ಮರಗಳನ್ನು ನೋಡಿಕೊಂಡು ಹಾಯಾಗಿ ಹೋಗುವ ರಸ್ತೆ ಅದು. ಅದರ ವಿನ್ಯಾಸ ವೇಗ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್. ಆಗಲೇ ಕಣಿವೆಯ ಎರಡೂ ಬದಿಗೆ ಮನೆಗಳಿದ್ದವು, ಬೀದಿಗಳಿದ್ದವು, ತೊರೆಯನ್ನು ದಾಟುವ ಸೇತುವೆಗಳಿದ್ದವು. ಆ ಹಳೆಯ ಬೀದಿಗಳಿಗೆ ಸಂಪರ್ಕ ಕೊಡಲು ಸಿಕ್ಕ ಇಕ್ಕಟ್ಟಿನ ಜಾಗದಲ್ಲೇ ರ‍್ಯಾಂಪ್‌ಗಳನ್ನು ತೂರಿಸಿದರು. ಕೆಲವು ಎಷ್ಟು ಚಿಕ್ಕವು, ಎಷ್ಟು ತಿರುವಿನವು ಎಂದರೆ ಅವುಗಳ ಮುಂದೆ ಗಂಟೆಗೆ 5 ಮೈಲಿ, ಅಂದರೆ 8 ಕಿಲೋಮೀಟರ್ ವೇಗದ ಫಲಕವಿದೆ. ನೀವು ಆಟದ ಮೈದಾನದಲ್ಲಿ ಓಡುವ ವೇಗವೂ ಅದಕ್ಕಿಂತ ಹೆಚ್ಚು!

ಹಾಗಾದರೆ 1940ರ ಎಂಜಿನಿಯರುಗಳಿಗೆ ಲೆಕ್ಕ ಬರುತ್ತಿರಲಿಲ್ಲವೇ? ಬನ್ನಿ, ನಾವೇ ಲೆಕ್ಕ ಹಾಕೋಣ. ಸ್ಲೇಟು ಅಥವಾ ಕಚ್ಚಾ ಪುಸ್ತಕ ತೆಗೆದುಕೊಳ್ಳಿ.

ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್ (72,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿ). 'ನಿಲ್ಲಿ' ಫಲಕದ ಬಳಿ ನಿಂತ ಕಾರು ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 2 ಮೀಟರಿನಷ್ಟು ಹೆಚ್ಚಿಸಿಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. 20 ಮೀಟರ್ ವೇಗ ಮುಟ್ಟಲು ಅದಕ್ಕೆ 10 ಸೆಕೆಂಡು ಬೇಕು. ಈ 10 ಸೆಕೆಂಡುಗಳಲ್ಲಿ ಅದರ ಸರಾಸರಿ ವೇಗ 10 ಮೀಟರ್. ಆದ್ದರಿಂದ ಅದು ಕ್ರಮಿಸಿದ ದೂರ 100 ಮೀಟರ್. ಅದೇ ಸಮಯದಲ್ಲಿ ಹೆದ್ದಾರಿಯಲ್ಲಿ ಹಿಂದಿನಿಂದ ಬರುತ್ತಿರುವ ಕಾರು ಎಷ್ಟು ದೂರ ಬಂದಿತು? 200 ಮೀಟರ್. ಅಂದರೆ ಹಿಂದಿನ ಕಾರು ಕನಿಷ್ಠ 100 ಮೀಟರ್ ದೂರದಲ್ಲಿದ್ದರೆ ಮಾತ್ರ ಡಿಕ್ಕಿ ತಪ್ಪುತ್ತದೆ. ಆ 100 ಮೀಟರ್ ದಾಟಲು ಹಿಂದಿನ ಕಾರಿಗೆ ಬೇಕಾದದ್ದು 5 ಸೆಕೆಂಡು. ಹಾಗಾಗಿ ಹೆದ್ದಾರಿಯಲ್ಲಿ 5 ಸೆಕೆಂಡಿನಷ್ಟು ತೆರಪು ಸಿಕ್ಕರೆ, ನಿಂತ ಕಾರು ಹೇಗೋ ಒಳಗೆ ಸೇರಿಕೊಳ್ಳಬಹುದು.

ಅಂಥ ತೆರಪು ಸಿಗುತ್ತಿತ್ತೇ? ಆ ರಸ್ತೆಯನ್ನು ದಿನಕ್ಕೆ 27,000 ವಾಹನಗಳು ಬರಬಹುದೆಂದು ಎಣಿಸಿ ಕಟ್ಟಿದ್ದರು. ಎರಡು ದಿಕ್ಕು, ಒಂದೊಂದು ದಿಕ್ಕಿಗೆ ಮೂರು ಪಥ. ಒಂದು ಪಥಕ್ಕೆ 4,500 ವಾಹನ. ದಿನಕ್ಕೆ 86,400 ಸೆಕೆಂಡು. ಭಾಗಿಸಿ ನೋಡಿ: ಸರಾಸರಿ 19 ಸೆಕೆಂಡಿಗೊಂದು ಕಾರು! ಬೇಕಾದದ್ದು 5 ಸೆಕೆಂಡು, ಸಿಗುತ್ತಿದ್ದದ್ದು 19. ನಿಂತು, ನೋಡಿ, ಆರಾಮವಾಗಿ ಸೇರಿಕೊಳ್ಳಬಹುದಿತ್ತು. ಆ ಕಾಲಕ್ಕೆ 'ನಿಲ್ಲಿ' ಫಲಕ ಬುದ್ಧಿವಂತಿಕೆಯ ಫಲಕವೇ ಆಗಿತ್ತು.

ಮುಂದೆ ಏನಾಯಿತು? ರಸ್ತೆ ಅದೇ, ರ‍್ಯಾಂಪ್ ಅದೇ, ಕಾರುಗಳು ಮಾತ್ರ ಬೇರೆಯಾದವು. ವೇಗಮಿತಿ ಗಂಟೆಗೆ 55 ಮೈಲಿಗೆ ಏರಿತು. ಲೆಕ್ಕಕ್ಕೆ ಸುಲಭವಾಗಲೆಂದು ಅದನ್ನು 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್ ಎಂದು ಇಟ್ಟುಕೊಳ್ಳೋಣ. ದಿನದ ವಾಹನಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ಮಾಡಿ. ವೇಗ ಪಡೆಯಲು ಈಗ 12.5 ಸೆಕೆಂಡು ಬೇಕು, 156 ಮೀಟರ್ ಬೇಕು, 6.25 ಸೆಕೆಂಡಿನ ತೆರಪು ಬೇಕು. ಒಂದು ಲಕ್ಷ ವಾಹನಗಳಿಗೆ ಸಿಗುವ ಸರಾಸರಿ ತೆರಪು ಎಷ್ಟು? ಕೇವಲ 5.2 ಸೆಕೆಂಡು. ಇದೂ ಹಗಲು ರಾತ್ರಿ ಸೇರಿದ ಸರಾಸರಿ. ರಾತ್ರಿ ವಾಹನ ಕಡಿಮೆ ಇರುವುದರಿಂದ ಹಗಲಿನ ತೆರಪು ಇದಕ್ಕಿಂತಲೂ ಚಿಕ್ಕದು.

ಇಲ್ಲಿ ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬಂದಿತೇ? 20ರಿಂದ 25ಕ್ಕೆ ಏರಿದಾಗ ವೇಗ ಒಂದೂಕಾಲು ಪಟ್ಟಾಯಿತು. ದೂರ ಮಾತ್ರ 100ರಿಂದ 156ಕ್ಕೆ, ಅಂದರೆ ಒಂದೂವರೆ ಪಟ್ಟಿಗೂ ಮೀರಿ ಏರಿತು. ಏಕೆಂದರೆ ದೂರವು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 1.25ನ್ನು 1.25ರಿಂದಲೇ ಗುಣಿಸಿದರೆ 1.5625. ಬ್ರೇಕು ಹಾಕಿ ನಿಲ್ಲುವ ದೂರಕ್ಕೂ ಇದೇ ನಿಯಮ. ಹೆದ್ದಾರಿಯಿಂದ ಇಳಿಯುವವರ ಕಷ್ಟ ಇದರಿಂದ ಅರ್ಥವಾಗುತ್ತದೆ. 90 ಕಿಲೋಮೀಟರ್ ವೇಗದಿಂದ 8 ಕಿಲೋಮೀಟರ್ ವೇಗಕ್ಕೆ ಅವರು ಇಳಿಯಬೇಕು, ಅದೂ ಅಂಗೈಯಗಲದ ಜಾಗದಲ್ಲಿ.

ಇದೇ ಹೆದ್ದಾರಿಯಲ್ಲಿ ಮತ್ತೊಂದು ಹಳೆಯ ರಸ್ತೆ ಅಡಗಿ ಕುಳಿತಿದೆ. ಉತ್ತರಕ್ಕೆ ಹೋಗುವ ವಾಹನಗಳು ಗುಡ್ಡದೊಳಗಿನ ನಾಲ್ಕು ಸುರಂಗಗಳಲ್ಲಿ ಹಾದುಹೋಗುತ್ತವೆ. ದಕ್ಷಿಣಕ್ಕೆ ಬರುವವುಗಳಿಗೆ ಸುರಂಗವೇ ಇಲ್ಲ, ಅವು ಬೇರೆ ದಾರಿಯಲ್ಲಿ ಬರುತ್ತವೆ. ಏಕೆ ಈ ಭೇದ? ಆ ಸುರಂಗಗಳನ್ನು ಕೊರೆದದ್ದು ಹೆದ್ದಾರಿಗಲ್ಲ. 1931ರಿಂದ 1936ರ ನಡುವೆ ಫಿಗರೋವಾ ಎಂಬ ಬೀದಿಗಾಗಿ ಕೊರೆದವು ಅವು. ಆಗ ಎರಡೂ ದಿಕ್ಕಿನ ವಾಹನಗಳು ಅವುಗಳಲ್ಲೇ ಓಡಾಡುತ್ತಿದ್ದವು. ಹೆದ್ದಾರಿ ಆ ಬೀದಿಯನ್ನು ನುಂಗಿದಾಗ ಸುರಂಗಗಳನ್ನು ಒಂದು ದಿಕ್ಕಿಗೆ ಬಿಟ್ಟುಕೊಟ್ಟು, ಇನ್ನೊಂದು ದಿಕ್ಕಿಗೆ 1943ರಲ್ಲಿ ಹೊಸ ದಾರಿ ಮಾಡಿದರು.

ಎರಡು ನಿಮಿಷದ ಪ್ರಶ್ನೆ

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು 1999ರಲ್ಲಿ ಈ ರಸ್ತೆಯನ್ನು ಎಂಜಿನಿಯರಿಂಗ್‌ನ ಒಂದು ಐತಿಹಾಸಿಕ ಸಾಧನೆ ಎಂದು ಗುರುತಿಸಿತು. 2011ರಲ್ಲಿ ಅದು ಆ ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು. ತುಂಬ ಸಂತೋಷ. ನಮ್ಮಲ್ಲೂ ಹಳೆಯ ಸೇತುವೆಗಳಿಗೆ ಅಂಥ ಗೌರವ ಸಿಗಬೇಕೆಂದು ಬಯಸುವವನು ನಾನು. ಆದರೆ ಶಿಲಾಶಾಸನವನ್ನು ಕಾಪಾಡುವುದಕ್ಕೂ, ಜನ ದಿನವೂ ಜೀವ ಕೈಯಲ್ಲಿ ಹಿಡಿದು ದಾಟುವ ಜಾಗವನ್ನು ಹಾಗೆಯೇ ಇಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಶಾಸನದ ಮೇಲೆ ಯಾರೂ 90 ಕಿಲೋಮೀಟರ್ ವೇಗದಲ್ಲಿ ಹೋಗುವುದಿಲ್ಲ.

ರ‍್ಯಾಂಪ್‌ಗಳನ್ನು ಉದ್ದ ಮಾಡಿದರಾಯಿತು ಎನ್ನುತ್ತೀರಾ? 156 ಮೀಟರ್ ಜಾಗ ಎಲ್ಲಿಂದ ತರುವುದು? ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತೊರೆ, ನಡುವೆ ಜನರ ಮನೆಗಳು, ಮಕ್ಕಳು ಆಡುವ ಉದ್ಯಾನಗಳು. ರಸ್ತೆ ಬಿದ್ದ ಮೇಲೆ ಸುತ್ತಲ ಊರು ಅದಕ್ಕೆ ಅಂಟಿಕೊಂಡು ಬೆಳೆದುಬಿಡುತ್ತದೆ. ಆಮೇಲೆ ರಸ್ತೆಯನ್ನು ತಿದ್ದುವುದೆಂದರೆ ಊರನ್ನೇ ತಿದ್ದಿದಂತೆ.

ನನಗೆ ತೋಚುವ ದಾರಿ ಬೇರೆ. ರ‍್ಯಾಂಪ್ ಬದಲಾಗುವುದಿಲ್ಲವಾದರೆ ವೇಗ ಬದಲಾಗಲಿ. ಗಂಟೆಗೆ 72 ಕಿಲೋಮೀಟರಿಗೇ ಕಟ್ಟಿದ ರಸ್ತೆಯಲ್ಲಿ 72 ಕಿಲೋಮೀಟರಿನಲ್ಲೇ ಹೋಗಲಿ. ಪಾರ್ಕ್‌ವೇಯ ಉದ್ದ ಸುಮಾರು 13 ಕಿಲೋಮೀಟರ್. 90ರ ವೇಗದಲ್ಲಿ ಹೋದರೆ ಹತ್ತಿರ ಹತ್ತಿರ 9 ನಿಮಿಷ, 72ರಲ್ಲಿ ಹೋದರೆ 11 ನಿಮಿಷ. ವ್ಯತ್ಯಾಸ ಎರಡೇ ನಿಮಿಷ! ಒಂದು ಲಕ್ಷ ಜನರ ಎರಡೆರಡು ನಿಮಿಷ ಸೇರಿದರೆ ಎಷ್ಟಾಗುತ್ತದೆ ಗೊತ್ತೇ ಎಂದು ಯಾರಾದರೂ ವಾದಿಸಬಹುದು. ಆಗುತ್ತದೆ, ನಿಜ. ಆದರೆ ಎರಡು ನಿಮಿಷ ತಡವಾಗಿ ಮನೆ ಸೇರುವುದನ್ನೂ ಮನೆ ಸೇರದೇ ಇರುವುದನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಲು ನನ್ನಿಂದಾಗದು. ತೆರಪಿಲ್ಲದ ರಸ್ತೆಯಲ್ಲಿ ವೇಗ ಇಳಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ, ಅದೂ ನಿಜ. ಆದರೂ ಬೇಕಾದ ತೆರಪು 6.25ರಿಂದ 5 ಸೆಕೆಂಡಿಗೆ ಇಳಿಯುತ್ತದೆ. ಡಿಕ್ಕಿಯೇ ಆದರೂ ಅದರ ಪೆಟ್ಟು ಕಡಿಮೆಯಾಗುತ್ತದೆ.

ಹಳೆಯ ದಾರಿಯನ್ನು ಬಿಡದೆ ಹೊಸ ಕಾಲಕ್ಕೆ ಎಳೆದುಕೊಂಡು ಬರುವುದು ರಸ್ತೆಗಳ ಗುಣ ಮಾತ್ರವಲ್ಲ, ಜೀವಿಗಳ ದೇಹದಲ್ಲೂ ಹೀಗೆಯೇ ಆಗಿದೆ. ಜಿರಾಫೆಯನ್ನು ನೋಡಿ. ಅದರ ಮೆದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗುವ ನರವೊಂದಿದೆ. ಮೆದುಳಿನಿಂದ ಧ್ವನಿಪೆಟ್ಟಿಗೆಗೆ ಇರುವ ದೂರ ಸ್ವಲ್ಪವೇ. ಆದರೆ ಆ ನರ ನೇರವಾಗಿ ಹೋಗದೆ, ಉದ್ದ ಕತ್ತಿನಲ್ಲಿ ಎದೆಯವರೆಗೂ ಇಳಿದು, ಹೃದಯದ ಬಳಿಯ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡು, ಮತ್ತೆ ಕತ್ತನ್ನೇರಿ ಧ್ವನಿಪೆಟ್ಟಿಗೆಗೆ ಬರುತ್ತದೆ. ನಾಲ್ಕು ಮೀಟರಿಗೂ ಹೆಚ್ಚಿನ ಸುತ್ತು! ಕೋಟ್ಯಂತರ ವರ್ಷಗಳ ಹಿಂದೆ ಮೀನಿನಂಥ ಪೂರ್ವಜರಿಗೆ ಕತ್ತೇ ಇರಲಿಲ್ಲ. ಹೃದಯ ಕಿವಿರುಗಳ ಹತ್ತಿರವೇ ಇತ್ತು. ಅಲ್ಲಿ ಆ ನರಕ್ಕೆ ಅದೇ ನೇರ ದಾರಿ. ಕತ್ತು ತಲೆಮಾರಿನಿಂದ ತಲೆಮಾರಿಗೆ ಚೂರುಚೂರೇ ಉದ್ದವಾದಂತೆ ನರವೂ ಚೂರುಚೂರೇ ಉದ್ದವಾಯಿತು. ಒಂದು ದಿನ ಎಲ್ಲವನ್ನೂ ನಿಲ್ಲಿಸಿ, ನರವನ್ನು ಬಿಚ್ಚಿ, ನೇರ ದಾರಿಯಲ್ಲಿ ಕೂರಿಸಲು ಜೀವವಿಕಾಸಕ್ಕೆ ಅವಕಾಶವಿಲ್ಲ. ನಮಗೆ ಇದೆ. ನಕ್ಷೆಯನ್ನು ಮುಂದಿಟ್ಟುಕೊಂಡು ತಿದ್ದಬಲ್ಲವರು ನಾವು. ಜಿರಾಫೆಗೂ ಲೋಕೋಪಯೋಗಿ ಇಲಾಖೆಗೂ ಇರುವ ವ್ಯತ್ಯಾಸ ಅದು!

ಕೆಂಪು ದೀಪದ ಹೆದ್ದಾರಿ

ಇನ್ನು ಬ್ರೀಜ್‌ವುಡ್. ಇಲ್ಲಿನ ಕಥೆಯಲ್ಲಿ ವೇಗದ ಲೆಕ್ಕ ಕೆಲಸಕ್ಕೆ ಬಾರದು. ಇಲ್ಲಿ ಭೂಗೋಳ ಬೇಕು, ಸ್ವಲ್ಪ ಕಾನೂನೂ ಬೇಕು.

ಪೆನ್ಸಿಲ್ವೇನಿಯಾದಲ್ಲಿ ಅಪಲೇಶಿಯನ್ ಪರ್ವತಗಳು ಉದ್ದುದ್ದ ಗೋಡೆಗಳಂತೆ ಒಂದರ ಹಿಂದೆ ಒಂದು ನಿಂತಿವೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರೆಲ್ಲ ಇವುಗಳನ್ನು ದಾಟಲೇಬೇಕು. ದಾಟಲು ಅನುಕೂಲವಾದ ಜಾಗಗಳು ಕೆಲವೇ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಎಂದು ಬೆರಳೆಣಿಕೆಯ ಘಾಟಿಗಳಲ್ಲೇ ಎಲ್ಲರೂ ಇಳಿದು ಹತ್ತುವುದಿಲ್ಲವೇ, ಹಾಗೆ. ಆದ್ದರಿಂದ ಅಲ್ಲಿ ಒಂದೇ ಪಟ್ಟಿಯಲ್ಲಿ ಶತಮಾನಗಳ ದಾರಿಗಳು ಒಂದರ ಮೇಲೊಂದು ಬಿದ್ದಿವೆ. 1758ರಲ್ಲಿ ಜನರಲ್ ಫೋರ್ಬ್ಸ್ ಎಂಬ ಸೇನಾಪತಿ ಕಾಡು ಕಡಿಸಿ ತನ್ನ ಸೈನ್ಯಕ್ಕೆ ದಾರಿ ಮಾಡಿಸಿದ. ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ 1913ರಲ್ಲಿ ಲಿಂಕನ್ ಹೆದ್ದಾರಿ ಹಾದುಹೋಯಿತು. ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ, ಕಡಲಿನಿಂದ ಕಡಲಿಗೆ, ಕಾರುಗಳಿಗೆಂದು ಗುರುತಿಸಿದ ರಸ್ತೆ ಅದು. ಮುಂದೆ ಪೆನ್ಸಿಲ್ವೇನಿಯಾದಲ್ಲಿ ಅದಕ್ಕೆ 'ಯು.ಎಸ್. 30' ಎಂಬ ಸಂಖ್ಯೆ ಬಂತು. ಬ್ರೀಜ್‌ವುಡ್ ಇರುವುದು ಈ ರಸ್ತೆಯ ಮೇಲೆ.

ಇದೇ ಬೆಟ್ಟಗಳಲ್ಲಿ ಒಂದು ಸತ್ತ ರೈಲುಮಾರ್ಗವೂ ಇತ್ತು. 1883ರಲ್ಲಿ ವಿಲಿಯಂ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ, ಇನ್ನೊಂದು ರೈಲು ಕಂಪನಿಯ ಮೇಲಿನ ಪೈಪೋಟಿಗಾಗಿ, ಇಲ್ಲಿ ಹೊಸ ಮಾರ್ಗ ಶುರು ಮಾಡಿದ. ಸಾವಿರಾರು ಕೂಲಿಗಳು ಬೆಟ್ಟ ಕೊರೆದರು. 1885ರಲ್ಲಿ ಶ್ರೀಮಂತರ ನಡುವೆ ರಾಜಿಯಾಯಿತು, ಕೆಲಸ ನಿಂತಿತು. ಅರ್ಧ ಕೊರೆದ ಸುರಂಗಗಳು ಐವತ್ತು ವರ್ಷ ನೀರು ತುಂಬಿಕೊಂಡು ಬಿದ್ದಿದ್ದವು. ಅವುಗಳಲ್ಲಿ ಆರನ್ನು ಬಳಸಿಕೊಂಡು 1940ರ ಅಕ್ಟೋಬರ್ 1ರಂದು ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿ ತೆರೆಯಿತು. ಉದ್ದ 160 ಮೈಲಿ. ಸುರಂಗಗಳ ಹೊರಗೆ ನಾಲ್ಕು ಪಥ, ಒಳಗೆ ಎರಡೇ ಪಥ. ವಾಹನಗಳು ಹೆಚ್ಚಿದಂತೆ ಸುರಂಗದ ಬಾಯಲ್ಲಿ ಸಾಲು ಬೆಳೆಯಿತು. ಕೊನೆಗೆ 1968ರಲ್ಲಿ ಬ್ರೀಜ್‌ವುಡ್‌ನ ಪೂರ್ವಕ್ಕಿದ್ದ ಎರಡು ಸುರಂಗಗಳನ್ನು ತಪ್ಪಿಸಿ ಹೊಸ ದಾರಿ ಮಾಡಿದರು. ಸುಮಾರು 13 ಮೈಲಿ ಹೆದ್ದಾರಿ ಅನಾಥವಾಯಿತು. ಇಂದು ಅದರ ಮೇಲೆ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಆದರೆ ಹಳೆಯ ಹೆದ್ದಾರಿಯ ಒಂದು ಚಿಕ್ಕ ತುಂಡು ಮಾತ್ರ ಬ್ರೀಜ್‌ವುಡ್‌ನಲ್ಲಿ ಕೆಲಸ ಮಾಡುತ್ತಲೇ ಇದೆ. ಏನಾಗಿ ಹೇಳಿ? ರ‍್ಯಾಂಪ್ ಆಗಿ! ಟರ್ನ್‌ಪೈಕಿನಿಂದ ಇಳಿದು ಯು.ಎಸ್. 30ಕ್ಕೆ ಬರುವ ವಾಹನಗಳು ಆ ತುಂಡಿನ ಮೇಲೆಯೇ ಬರುತ್ತವೆ.

ಹಾಗಾದರೆ ಕೆಂಪು ದೀಪ ಏಕೆ? ಇಲ್ಲಿ ಕಾನೂನು ಬರುತ್ತದೆ. 1956ರಲ್ಲಿ ಅಮೆರಿಕದ ಸಂಸತ್ತು ದೇಶದ ತುಂಬ ಹೆದ್ದಾರಿಗಳ ಜಾಲ ಹೆಣೆಯಲು ಕಾನೂನು ಮಾಡಿತು. ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕೇಂದ್ರ ಸರ್ಕಾರದ್ದು. ಆದರೆ ಆ ಹಣವನ್ನು ಸುಂಕದ ರಸ್ತೆಗೆ ಬಳಸುವಂತಿಲ್ಲ. ತೆರಿಗೆ ಕೊಟ್ಟ ಜನರಿಂದ ಮತ್ತೆ ಸುಂಕ ವಸೂಲಿ ಮಾಡಬಾರದು ಎಂಬುದು ಅದರ ನ್ಯಾಯ. ತಪ್ಪೇನಿಲ್ಲ, ಅಲ್ಲವೇ? ದಕ್ಷಿಣದ ಮೇರಿಲ್ಯಾಂಡ್ ಕಡೆಯಿಂದ ಬರುವ ಅಂತರರಾಜ್ಯ ಹೆದ್ದಾರಿ 70 ಇಂಥ ಹಣದಿಂದ ಕಟ್ಟಿದ್ದು. ಅದನ್ನು ನೇರವಾಗಿ ಟರ್ನ್‌ಪೈಕಿಗೆ ಕೂಡಿಸಬೇಕಾದರೆ, ಟರ್ನ್‌ಪೈಕ್ ತನ್ನ ಸಾಲ ತೀರಿದ ಮೇಲೆ ಸುಂಕ ಎತ್ತುವುದನ್ನು ನಿಲ್ಲಿಸಬೇಕಿತ್ತು. ಅದಕ್ಕೆ ಟರ್ನ್‌ಪೈಕಿನವರು ಒಪ್ಪಲಿಲ್ಲ. ಸ್ವಂತ ಖರ್ಚಿನಲ್ಲಿ ರ‍್ಯಾಂಪ್ ಕಟ್ಟಲೂ ಮುಂದೆ ಬರಲಿಲ್ಲ. ಆಗ ಹುಡುಕಿದ ಉಪಾಯವೇ ಇದು. ಹೊಸ ಹೆದ್ದಾರಿಯನ್ನು ಸುಂಕವಿಲ್ಲದ ಹಳೆಯ ಯು.ಎಸ್. 30ಕ್ಕೆ ತಂದು ಮುಟ್ಟಿಸಿದರು. ಅಲ್ಲಿಂದ ಟರ್ನ್‌ಪೈಕಿಗೆ ಹೋಗುವುದೋ, ಸುಂಕ ಕೊಡದೆ ಹಳೆಯ ರಸ್ತೆಯಲ್ಲೇ ಹೋಗುವುದೋ, ಚಾಲಕರ ಇಷ್ಟ. ಕಾಗದದ ಮೇಲೆ ಎಲ್ಲವೂ ಸರಿ. ರಸ್ತೆಯ ಮೇಲೆ ಲಾರಿಗಳ ಸಾಲು.

ಆ ಕಾನೂನನ್ನು 1978ರಲ್ಲಿ ಸಡಿಲಿಸಿದರು. ಅಂದರೆ ನೇರ ರ‍್ಯಾಂಪ್ ಕಟ್ಟಲು ತಡೆ ಹೋಗಿ ದಶಕಗಳೇ ಕಳೆದವು. ಆದರೂ ಕಟ್ಟಿಲ್ಲ. ಏಕೆಂದರೆ ಅಷ್ಟರಲ್ಲಿ ಕೆಂಪು ದೀಪದ ಸುತ್ತ ಒಂದು ಊರೇ ಬದುಕು ಕಟ್ಟಿಕೊಂಡಿತ್ತು. ನಿಂತ ವಾಹನದವರು ಪೆಟ್ರೋಲ್ ಹಾಕಿಸುತ್ತಾರೆ, ಊಟ ಮಾಡುತ್ತಾರೆ, ರಾತ್ರಿ ತಂಗುತ್ತಾರೆ. ನೇರ ರ‍್ಯಾಂಪ್ ಬಂದರೆ ಯಾರು ನಿಲ್ಲುತ್ತಾರೆ? ಊರಿನ ವ್ಯಾಪಾರಿಗಳು ಅದನ್ನು ವಿರೋಧಿಸುತ್ತಲೇ ಬಂದರು.

ಅವರನ್ನು ಸ್ವಾರ್ಥಿಗಳು ಎಂದು ಬೈಯುವುದು ಸುಲಭ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿನಿಂದ ಬಳಸಿ ಹೋಗುತ್ತದೆ. ಮೊದಲು ಹಳೆಯ ರಸ್ತೆಯಲ್ಲಿ ಹೋಗುವವರು ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳುತ್ತಿದ್ದರು, ಮದ್ದೂರಿನಲ್ಲಿ ವಡೆ ತಿನ್ನುತ್ತಿದ್ದರು. ಈಗ ಆ ವಾಹನಗಳು ಊರ ಹೊರಗೇ ಹಾಯುತ್ತವೆ. ಹಳೆಯ ರಸ್ತೆಯ ಅಂಗಡಿಯವರು ವ್ಯಾಪಾರ ಬಿದ್ದುಹೋಯಿತೆಂದು ದೂರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆ ಅಂಗಡಿಯವರ ಮಕ್ಕಳೂ ನಿಮ್ಮ ಹಾಗೆ ಶಾಲೆಗೆ ಹೋಗುವವರೇ.

ಆದ್ದರಿಂದ ಬ್ರೀಜ್‌ವುಡ್ ವಿಷಯದಲ್ಲಿ ನನ್ನ ತೀರ್ಪು ಅರೋಯೊ ಸೆಕೊದಷ್ಟು ಖಡಾಖಂಡಿತವಲ್ಲ. ಅಲ್ಲಿ ವಾಹನಗಳು ನಿಧಾನವಾಗಿ ಸಾಗುತ್ತವೆ, ಕೆಂಪು ದೀಪಕ್ಕೆ ನಿಲ್ಲುತ್ತವೆ. ಹೋಗುವುದು ಹೆಚ್ಚಾಗಿ ಸಮಯ ಮತ್ತು ಇಂಧನ. ಕಾದು ನಿಂತ ಲಾರಿಯ ಹೊಗೆ ಊರಿನವರ ಎದೆಗೂ ಹೋಗುತ್ತದೆ ಎಂಬುದನ್ನು ವ್ಯಾಪಾರಿಗಳು ಮರೆಯಬಾರದು. ನೇರ ರ‍್ಯಾಂಪ್ ಕಟ್ಟಲಿ, ಹೋಟೆಲುಗಳಿಗೆ ಇಳಿಯುವ ದಾರಿಯನ್ನೂ ಉಳಿಸಲಿ. ಹಸಿದವರು ಇಳಿಯುತ್ತಾರೆ, ಅವಸರದವರು ಹೋಗುತ್ತಾರೆ. ವ್ಯಾಪಾರ ಕಡಿಮೆಯಾಗುವುದು ಖಂಡಿತ. ಎಷ್ಟು ಕಡಿಮೆಯಾಗುತ್ತದೆ, ಅದನ್ನು ಯಾರು ತುಂಬಿಕೊಡಬೇಕು ಎಂಬುದನ್ನು ರಸ್ತೆ ಕಟ್ಟುವ ಮೊದಲೇ ಕುಳಿತು ಮಾತನಾಡಬೇಕು. ಎಂಜಿನಿಯರು ನಕ್ಷೆ ಬರೆಯುವಾಗ ಊರಿನವರೂ ಆ ಮೇಜಿನ ಸುತ್ತ ಇರಬೇಕು ಎನ್ನುವುದು ನನ್ನ ಬೇಡಿಕೆ. ಅಮೆರಿಕಕ್ಕೂ ಅದೇ, ಮದ್ದೂರಿಗೂ ಅದೇ.

ನಿಮಗೊಂದು ಕೆಲಸ. ನಿಮ್ಮ ತಾಲ್ಲೂಕಿನ ನಕ್ಷೆಯಲ್ಲಿ ಹೆದ್ದಾರಿಯೊಂದು ಊರನ್ನು ಹೊರಗಿನಿಂದ ಬಳಸಿ ಹೋಗುವ ಜಾಗವನ್ನು ಹುಡುಕಿ. ಅದು ಹಳೆಯ ರಸ್ತೆಯಿಂದ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಮತ್ತೆ ಸೇರುತ್ತದೆ ಎಂದು ಗುರುತು ಮಾಡಿ. ಹಳೆಯ ರಸ್ತೆಯ ಪಕ್ಕದಲ್ಲಿ ಮೈಲಿಗಲ್ಲು, ಸಾಲುಮರ, ಚಿಕ್ಕ ಸೇತುವೆ ಉಳಿದಿವೆಯೇ ನೋಡಿ. ಅಜ್ಜ ಅಜ್ಜಿಯರನ್ನು, ಹಳೆಯ ಅಂಗಡಿಯವರನ್ನು ಕೇಳಿ: ಮೊದಲು ಬಸ್ಸು ಎಲ್ಲಿ ನಿಲ್ಲುತ್ತಿತ್ತು? ಗಾಡಿಗಳು ಯಾವ ಕಡೆಯಿಂದ ಬರುತ್ತಿದ್ದವು? ರಸ್ತೆ ಅಲ್ಲಿ ಏಕೆ ಬಾಗಿತ್ತು: ಕೆರೆಗಾಗಿಯೋ, ಗುಡಿಗಾಗಿಯೋ, ಯಾರದೋ ಹೊಲಕ್ಕಾಗಿಯೋ? ಹೆದ್ದಾರಿಯ ಹತ್ತಿರ ಹೋಗುವುದಾದರೆ ದೊಡ್ಡವರೊಬ್ಬರನ್ನು ಕರೆದುಕೊಂಡೇ ಹೋಗಿ, ರ‍್ಯಾಂಪ್‌ನಿಂದ ದೂರ ನಿಂತು ಒಂದು ವಾಹನಕ್ಕೂ ಮುಂದಿನ ವಾಹನಕ್ಕೂ ನಡುವೆ ಎಷ್ಟು ಸೆಕೆಂಡಿನ ತೆರಪಿದೆ ಎಂದು ಇಪ್ಪತ್ತು ಬಾರಿ ಅಳೆದು ಸರಾಸರಿ ತೆಗೆಯಿರಿ. ಬಂದ ಸಂಖ್ಯೆಯನ್ನು ನಕ್ಷೆಯ ಜೊತೆ ಶಾಲೆಯ ಗೋಡೆಪತ್ರಿಕೆಗೆ ಹಾಕಿ.